ಎಂಟನೆಯ ತರಗತಿಯ ಕಿಟಕಿಗೆ ಕಳ್ಳನನ್ನು ದಯಪಾಲಿಸಿದವರಿಗೆ

ಬೀಗ, ಚಿಲಕ ಹಾಗೂ ತಿಜೋರಿಗಳನ್ನು ತಯಾರಿಸುವ ಘನ ಸಂಸ್ಥೆಯ ಜಾಹೀರಾತು ವಿಭಾಗದ ಮುಖ್ಯಸ್ಥರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಮನೆಯ ಬೀಗಗಳೆಲ್ಲ ಭದ್ರವಾಗಿವೆ, ಬೀಗದ ಕೈಗಳೆಲ್ಲ ಇಟ್ಟಲ್ಲೇ ಇವೆ, ತಾವು ಕುಟುಂಬ ಸಮೇತ ಸುಖವಾಗಿ ನಿದ್ರಿಸುತ್ತಿದ್ದೀರಿ ಎಂದು ನಂಬಿಕೊಂಡು, ಸರಕಾರಿ ಶಾಲೆಯೊಂದರ ಎಂಟನೆಯ ತರಗತಿಗೆ ಸಮಾಜ ವಿಜ್ಞಾನ ಕಲಿಸುವ ಅಧ್ಯಾಪಕಿಯಾದ ನಾನು, ನನ್ನ ಮತ್ತು ನನ್ನ ಮಕ್ಕಳ ಪರವಾಗಿ, ಎಲ್ಲರೂ ಓದುವಂತೆ ಈ ಕೃತಜ್ಞತಾ ಪತ್ರವನ್ನು ಬರೆಯುತ್ತಿದ್ದೇನೆ. ತಮಗೊಬ್ಬರಿಗೇ ಕಾಣುವಂತೆ ಬರೆದು ಲಕೋಟೆಗೆ ಹಾಕಬಹುದಿತ್ತು. ಆದರೆ ತಾವು ನಮಗೆ ಮಾಡಿರುವ ಉಪಕಾರ ಮೂರು ಮಹಡಿಯಷ್ಟು ಎತ್ತರದ್ದು, ಊರಿಗೆ ಊರೇ ನೋಡುವಂಥದ್ದು. ಅದಕ್ಕೆ ಗುಟ್ಟಾಗಿ ವಂದನೆ ಹೇಳಿದರೆ ಮರ್ಯಾದೆಯಾಗುವುದಿಲ್ಲ.

ಮೊದಲಿನಿಂದಲೇ ಹೇಳುತ್ತೇನೆ. ಈ ವರ್ಷ ನಮ್ಮ ಪಠ್ಯಕ್ಕೆ ಹೊಸ ಪಾಠವೊಂದು ಸೇರಿದೆ: ‘ಜಾಹೀರಾತುಗಳಲ್ಲಿ ಜನಾಂಗೀಯ ಸಿದ್ಧಮಾದರಿಗಳನ್ನು ಗುರುತಿಸುವುದು’. ಇಂಥ ಬಣ್ಣದವರು ಇಂಥದೇ ಕೆಲಸಕ್ಕೆ ಹುಟ್ಟಿದವರು, ಇಂಥ ಕೂದಲಿನವರದು ಇಂಥದೇ ಬುದ್ಧಿ, ಇಂಥ ಮೂಗಿನವರು ಎದುರು ಬಂದರೆ ಕೈಚೀಲವನ್ನು ಎದೆಗೆ ಅವುಚಿಕೊಳ್ಳಬೇಕು ಎಂದು ಜಾಹೀರಾತುಗಳು ಬಾಯಿಬಿಟ್ಟು ಹೇಳದೆಯೇ ನಮ್ಮ ತಲೆಗೆ ತುಂಬುತ್ತವಂತೆ. ಮಕ್ಕಳು ಅದನ್ನು ಕಂಡುಹಿಡಿಯಬೇಕಂತೆ. ಆಶಯ ದೊಡ್ಡದು. ಆದರೆ ಮೇಲಿನವರು ಶಾಲೆಗೆ ಪುಸ್ತಕದ ಒಂದೇ ಪ್ರತಿ ಕಳಿಸಿ, ಜೆರಾಕ್ಸ್ ಮಾಡಿಕೊಳ್ಳಿ ಎಂದು ಕೈತೊಳೆದುಕೊಂಡರು. ಅದರಲ್ಲಿದ್ದ ಏಕೈಕ ಉದಾಹರಣೆ ಯಾವುದೋ ಕಾಲದ ಸಾಬೂನಿನ ಚಿತ್ರ. ನಮ್ಮ ಶಾಲೆಯ ಜೆರಾಕ್ಸ್ ಯಂತ್ರವೋ, ಎಲ್ಲರನ್ನೂ ಸಮಾನವಾಗಿ ಕಾಣುವಂಥದ್ದು. ಅದರ ಹೊಟ್ಟೆಯಿಂದ ಹೊರಬರುವಾಗ ಯಜಮಾನ, ಆಳು, ಸಾಬೂನು, ಹಿಂದಿನ ಗೋಡೆ ಎಲ್ಲವೂ ಒಂದೇ ಸಮನೆ ಕಪ್ಪಾಗಿದ್ದವು. ಅದರಲ್ಲಿ ಯಾರು ಯಾರನ್ನು ಕೀಳಾಗಿ ತೋರಿಸಿದ್ದಾರೆಂದು ಮಕ್ಕಳು ಎಷ್ಟು ತಡಕಾಡಿದರೂ ಸಿಗಲಿಲ್ಲ. ನಾನು ತಲೆಯ ಮೇಲೆ ಕೈಹೊತ್ತು ಕುಳಿತೆ.

ಆಗ ತಾವು ಬಂದಿರಿ. ಶಾಲೆಯ ಎದುರಿನ ಕಟ್ಟಡದ ಗೋಡೆಯ ಮೇಲೆ, ನಮ್ಮ ತರಗತಿಯ ಕಿಟಕಿಗೆ ಸರಿಯಾಗಿ ನೇರವಾಗಿ, ತಮ್ಮವರು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಒಂದು ಹೋರ್ಡಿಂಗ್ ಏರಿಸಿದರು. ಅದರ ಎಡಕ್ಕೆ ಬೆಳ್ಳಗಿನ ಗಂಡ, ಬೆಳ್ಳಗಿನ ಹೆಂಡತಿ, ಬೆಳ್ಳಗಿನ ಇಬ್ಬರು ಮಕ್ಕಳು ಮತ್ತು ಬೆಳ್ಳಗಿನ ಒಂದು ನಾಯಿ ಬೆಳ್ಳಗಿನ ಹೊದಿಕೆಯೊಳಗೆ ನಗುನಗುತ್ತಾ ನಿದ್ದೆ ಮಾಡುತ್ತಿದ್ದರು. (ಮನೆಯವರೆಲ್ಲ ಹೀಗೆ ಒಟ್ಟಿಗೆ ನಿದ್ದೆಯಲ್ಲಿ ನಕ್ಕರೆ ನಾವಾದರೆ ಡಾಕ್ಟರನ್ನು ಕರೆಯುತ್ತೇವೆ. ಇರಲಿ.) ಬಲಕ್ಕೆ, ಮುಚ್ಚಿದ ಬಾಗಿಲಿನ ಹೊರಗೆ, ಕತ್ತಲಲ್ಲಿ, ಮೊಣಕಾಲೂರಿ ಬೀಗದ ಕಿಂಡಿಗೆ ಸ್ಕ್ರೂಡ್ರೈವರ್ ಹಿಡಿದ ಒಬ್ಬ ಮನುಷ್ಯ: ಕಪ್ಪು ಮೈ, ಒತ್ತೊತ್ತಾದ ಗುಂಗುರು ಕೂದಲು, ಅಗಲ ಮೂಗು. ಕೆಳಗೆ ಬರಹ: ‘ಅವನು ಬಂದೇ ಬರುತ್ತಾನೆ. ನೀವು ಸಿದ್ಧರಿದ್ದೀರಾ?’ ‘ಅವನು’ ಯಾರೆಂದು ತಾವು ಬಿಡಿಸಿ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ರೈಲು ಹಳಿಯ ಆಚೆ ಇರುವ ಆ ಜನ, ಮೂರು ತಲೆಮಾರಿನ ಹಿಂದೆ ಆ ಹಳಿ ಹಾಕುವುದಕ್ಕೆಂದೇ ಕರೆಸಿಕೊಂಡು ಬಂದ ಜನ, ಇವತ್ತಿಗೂ ಎಲ್ಲರ ಬಾಯಲ್ಲಿ ‘ಹೊರಗಿನವರು’. ಮುಖ ನೋಡಿದರೆ ಸಾಕು, ಪೂರ್ತಿ ವಾಕ್ಯ ಊರಿಗೇ ಬಾಯಿಪಾಠ.

ಇಷ್ಟು ದೊಡ್ಡ, ಇಷ್ಟು ಸ್ಪಷ್ಟ, ತನ್ನದೇ ದೀಪ ಇರುವ ಪಾಠೋಪಕರಣವನ್ನು ನಾವು ಕೇಳದೆಯೇ ಒದಗಿಸಿದ್ದಕ್ಕೆ ತಮ್ಮನ್ನು ಎಷ್ಟು ಹೊಗಳಿದರೂ ಕಡಿಮೆ. ಇಲಾಖೆಗೆ ಅರ್ಜಿ ಹಾಕಿದ್ದರೆ ಈ ಮಕ್ಕಳು ಮೊಮ್ಮಕ್ಕಳನ್ನು ಕಂಡ ಮೇಲೆ ಬರುತ್ತಿತ್ತು.

ನಾನು ತರಗತಿಗೆ ಒಂದು ಉಪಾಯ ಹೇಳಿಕೊಟ್ಟಿದ್ದೆ. ಹಳೆಯ ಪತ್ರಿಕೆಯಿಂದ ಸಣ್ಣದೊಂದು ಗುಂಡನೆಯ ಚೂರು ಕತ್ತರಿಸಿಕೊಳ್ಳಬೇಕು. ಒಂದು ಕಣ್ಣು ಮುಚ್ಚಿ, ಕೈ ಚಾಚಿ, ಚಿತ್ರದಲ್ಲಿರುವವರ ಮುಖಕ್ಕೆ ಮಾತ್ರ ಅದನ್ನು ಅಡ್ಡ ಹಿಡಿಯಬೇಕು. ಆಮೇಲೆ, ಈ ಮನುಷ್ಯ ಏನು ಮಾಡುತ್ತಿದ್ದಾನೆ ಎಂದು ಹೇಳಬೇಕು. ಇಡೀ ತರಗತಿ ಕಿಟಕಿಗೆ ಮುತ್ತಿಕೊಂಡು, ಗುರಿಕಾರರ ಹಾಗೆ ಒಂದೊಂದು ಕಣ್ಣು ಮುಚ್ಚಿ, ತಮ್ಮ ಹೋರ್ಡಿಂಗಿನ ಆ ಮುಖವನ್ನು ಮರೆಮಾಡಿತು. “ಬೀಗ ಕೂರಿಸ್ತಿದಾನೆ ಟೀಚರ್” ಎಂದಿತು ಒಂದು ದನಿ. “ಪಕ್ಕದಲ್ಲಿ ಚೀಲ ಇದೆ, ಅದರಲ್ಲಿ ಅಳತೆ ಟೇಪು ಇದೆ” ಎಂದಿತು ಇನ್ನೊಂದು. ಎಲ್ಲದಕ್ಕೂ ವಾದ ಹೂಡುವುದರಿಂದ ‘ಲಾಯರ್’ ಎಂದೇ ಹೆಸರಾಗಿರುವ ಹುಡುಗಿ, “ಮೊಣಕಾಲ ಕೆಳಗೆ ಬಟ್ಟೆ ಮಡಚಿ ಇಟ್ಕೊಂಡಿದಾನೆ ನೋಡಿ, ಮಂಡಿ ನೋಯುತ್ತೆ ಅಂತ ಯಾವ ಕಳ್ಳ ಬಟ್ಟೆ ತರ್ತಾನೆ?” ಎಂದು ಕೇಳಿದಳು. ಬೀಗದ ಕೆಲಸದವನು ಎಂದು ಎಲ್ಲರೂ ಒಪ್ಪಿದರು. ಈಗ ಕಾಗದ ತೆಗೆಯಿರಿ ಎಂದೆ. ತೆಗೆದರು. ಒಬ್ಬರೂ ತಡವರಿಸದೆ, ಒಂದೇ ಉಸಿರಿಗೆ, “ಕಳ್ಳ” ಎಂದರು. ಹೇಳಿದ ಮೇಲೆ ತಮ್ಮ ಬಾಯಿಂದ ಬಂದದ್ದು ತಮಗೇ ಕೇಳಿಸಿದಂತಾಗಿ, ಕಾಗದದ ಚೂರನ್ನು ಮತ್ತೆ ಆ ಮುಖಕ್ಕೆ ಅಡ್ಡ ಹಿಡಿದರು.

ಪಾಠ ಇಷ್ಟು ಸಲೀಸಾಗಿ ತಲೆಗೆ ಹತ್ತಿದ್ದು ನನ್ನ ಅನುಭವದಲ್ಲೇ ಮೊದಲು. ನಾನು ಒಳಗೊಳಗೇ ಬೀಗುತ್ತಿದ್ದಾಗ, ಎರಡನೆಯ ಬೆಂಚಿನಿಂದ ಏಳದೆ, ಕಾಗದವನ್ನೂ ಕತ್ತರಿಸದೆ ಕುಳಿತಿದ್ದ ಒಬ್ಬ ಹುಡುಗಿ, ಹಳಿಯಾಚೆಯಿಂದ ಬರುವವಳು, ಡೆಸ್ಕಿನ ಕಡೆ ನೋಡುತ್ತಾ ಹೇಳಿದಳು: “ಅದು ನಮ್ಮಪ್ಪ.”

ಮಾನ್ಯರೇ, ಇಲ್ಲಿಂದ ಮುಂದೆ ತಮ್ಮ ಮಿತವ್ಯಯದ ಬಗ್ಗೆ ನನ್ನ ಗೌರವ ಇಮ್ಮಡಿಸಿತು. ಆ ಹುಡುಗಿಯ ತಂದೆ ತಮ್ಮ ಸಂಸ್ಥೆಯದೇ ಫಿಟ್ಟರ್. ತಮ್ಮ ಬೀಗಗಳನ್ನು ಮನೆಮನೆಗೆ ಹೋಗಿ ಜೋಡಿಸಿಕೊಡುವುದೇ ಅವರ ಕೆಲಸ. ಕಚೇರಿಯ ಕ್ಯಾಲೆಂಡರಿಗೆ ಚಿತ್ರ ಬೇಕು ಎಂದು ತಮ್ಮವರು ಕರೆದಾಗ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದರಂತೆ. “ದಿನಾ ಹೇಗೆ ಕೆಲಸ ಮಾಡ್ತೀರೋ ಹಾಗೇ ಕೂತ್ಕೊಳ್ಳಿ” ಎಂದರಂತೆ, ಕೂತರಂತೆ. ಆಮೇಲೆ ತಮ್ಮ ಕಂಪ್ಯೂಟರಿನಲ್ಲಿ ಹಗಲು ಹೋಗಿ ರಾತ್ರಿಯಾಯಿತು, ಜೇಬಿನ ಮೇಲಿದ್ದ ಸಂಸ್ಥೆಯ ಬ್ಯಾಡ್ಜು ಅಳಿಸಿಹೋಯಿತು. ಮುಖವನ್ನು ಮಾತ್ರ ತಾವು ಮುಟ್ಟಲಿಲ್ಲ. ಕಳ್ಳನನ್ನು ಮಾಡುವುದಕ್ಕೆ ಆ ಮುಖಕ್ಕೆ ಏನನ್ನೂ ಸೇರಿಸುವುದು ಬೇಡ ಎಂದು ತಮಗೆ ಗೊತ್ತಿತ್ತು.

ಈ ಚಿತ್ರ ಎಷ್ಟು ಪರಿಣಾಮಕಾರಿ ಎಂಬುದಕ್ಕೆ ತಮ್ಮ ಲೆಕ್ಕಪತ್ರಗಳಲ್ಲಿ ಸಿಗದ ಒಂದು ಸಾಕ್ಷಿಯನ್ನು ನಮ್ಮ ಮನೆಯಿಂದಲೇ ಕೊಡುತ್ತೇನೆ. ಕೆಲವು ದಿನಗಳ ಮೇಲೆ ನಮ್ಮ ಮನೆಗೇ ಕಳ್ಳ ಬಂದ. ಮಟಮಟ ಮಧ್ಯಾಹ್ನ, ಮುಂಬಾಗಿಲಿನಿಂದ, ಗಂಟೆ ಒತ್ತಿ ಬಂದ. ನಮ್ಮ ಅತ್ತೆ ಒಬ್ಬರೇ ಇದ್ದರು. ಬೆಳ್ಳಗಿದ್ದನಂತೆ, ಕೂದಲನ್ನು ಪಕ್ಕಕ್ಕೆ ಬಾಚಿದ್ದನಂತೆ, ಗ್ಯಾಸಿನ ಪೈಪು ನೋಡಲು ಬಂದಿದ್ದೇನೆ ಎಂದನಂತೆ. ಅತ್ತೆ ಬಾಗಿಲು ತೆಗೆದು, ಕೂರಿಸಿ, ಬಿಸಿಲಲ್ಲಿ ಬಂದಿದ್ದಾನೆಂದು ಕುಡಿಯಲು ನೀರು ಕೊಟ್ಟು, ಲೋಟ ಇಡಲು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ನನ್ನ ಲ್ಯಾಪ್‌ಟಾಪೂ ನಮ್ಮವರ ಕೈಗಡಿಯಾರವೂ ಮೇಜಿನ ಮೇಲಿದ್ದ ಬೀಗದ ಕೈಗೊಂಚಲೂ ಅವನ ಜೊತೆ ಹೊರಟುಹೋಗಿದ್ದವು. ಪೊಲೀಸರು ಬಂದು, ಕಳ್ಳ ನೋಡಲು ಹೇಗಿದ್ದ ಎಂದು ಕೇಳಿದರೆ, ಅತ್ತೆ ಕೊಟ್ಟ ಹೇಳಿಕೆ ಇದು: “ಅಯ್ಯೋ, ಆ ಹುಡುಗ ಎಷ್ಟು ಲಕ್ಷಣವಾಗಿದ್ದ ಗೊತ್ತಾ, ಒಳ್ಳೇ ಮನೆತನದವನು. ಕಳ್ಳ ಅವನು ಹೋದಮೇಲೆ ಬಂದಿರಬೇಕು.”

ಕೈಗೊಂಚಲು ಹೋದ ಮೇಲೆ ಬೀಗ ಬದಲಿಸಲೇಬೇಕಲ್ಲ. ತಮ್ಮ ಶಾಖೆಗೆ ಫೋನ್ ಮಾಡಿದೆವು. ಮರುದಿನ ನಾನು ಶಾಲೆಯಲ್ಲಿದ್ದಾಗ ತಮ್ಮ ಫಿಟ್ಟರ್ ಬಂದರು. ಅತ್ತೆ ಬಾಗಿಲಿನ ಗಾಜಿನ ಕಿಂಡಿಯಲ್ಲಿ ಇಣುಕಿದರು. ಕಪ್ಪು ಮೈ, ಗುಂಗುರು ಕೂದಲು, ಕೈಯಲ್ಲಿ ಸ್ಕ್ರೂಡ್ರೈವರ್. “ಬಂದ! ಬೋರ್ಡಿನ ಮೇಲಿರೋನು ಬಂದ!” ಎಂದು ಅವರು ಕೂಗಿದ ಕೂಗಿಗೆ ನಮ್ಮ ಕಟ್ಟಡದ ನಾಲ್ಕೂ ಮನೆಯವರು ಹೊರಗೆ ಬಂದರು. ಕೆಳಗಿನ ಮನೆಯ ನಿವೃತ್ತ ಬ್ಯಾಂಕ್ ಅಧಿಕಾರಿಗಳು ಕೊಡೆ ಹಿಡಿದುಕೊಂಡು ಬಂದು, ಅವರ ಚೀಲ ಕಿತ್ತುಕೊಂಡು, ಮೆಟ್ಟಿಲ ಮೇಲೆ ಕೂರಿಸಿದರು. ಪಾಪ ಅವರು ತಮ್ಮ ಸಂಸ್ಥೆಯ ಗುರುತಿನ ಚೀಟಿ ತೋರಿಸಿದರೆ, ಅಧಿಕಾರಿಗಳು ಅದನ್ನು ಕನ್ನಡಕ ಹಾಕಿ ಒಮ್ಮೆ, ತೆಗೆದು ಒಮ್ಮೆ ನೋಡಿ, “ಕಾರ್ಡೂ ಕದ್ದಿದ್ದೇ ಇರುತ್ತೆ” ಎಂದು ತೀರ್ಪು ಕೊಟ್ಟರು. ನಾನು ಮನೆಗೆ ಬಂದಾಗ ಆ ಫಿಟ್ಟರ್ ಎರಡೂ ಕೈಗಳನ್ನು ಮಂಡಿಯ ಮೇಲಿಟ್ಟು, ಎಲ್ಲರಿಗೂ ಕಾಣುವ ಹಾಗೆ ಬೆರಳುಗಳನ್ನು ಅಗಲಿಸಿಕೊಂಡು ಕುಳಿತಿದ್ದರು. ನನ್ನನ್ನು ನೋಡಿ ಎದ್ದು, “ನಮಸ್ಕಾರ ಟೀಚರಮ್ಮ, ನಮ್ಮ ಮಗಳು ನಿಮ್ಮ ಕ್ಲಾಸೇ” ಎಂದರು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಕ್ಷಮೆ ಕೇಳಿದರೆ ಅವರೇ ನನಗೆ ಸಮಾಧಾನ ಹೇಳಿದರು: “ಇದೇನಲ್ಲ ಬಿಡಿ, ನಿಮ್ಮಲ್ಲಿ ಕೂರಿಸಿದ್ರು. ಬೇರೆ ಕಡೆ ಕೂರೋಕೂ ಬಿಡಲ್ಲ.” ಆಮೇಲೆ ಬೀಗ ಕೂರಿಸಿದರು. ಅತ್ತೆ ಸೌಟು ಹಿಡಿದು ಪಕ್ಕದಲ್ಲೇ ನಿಂತಿದ್ದರು.

ಅವತ್ತೇ ತಿಳಿದದ್ದು, ಬಾಗಿಲು ತೆರೆಯದ ಪ್ರತಿ ಮನೆಯನ್ನೂ ತಮ್ಮ ಶಾಖೆಯವರು ‘ಸಿಬ್ಬಂದಿಯಿಂದ ಕೆಲಸ ಆಗಿಲ್ಲ’ ಎಂದು ಬರೆದುಕೊಳ್ಳುತ್ತಾರೆ, ಹೀಗೇ ಮುಂದುವರಿದರೆ ಕೆಲಸದಿಂದ ತೆಗೆಯುತ್ತೇವೆ ಎಂದು ಅವರಿಗೆ ಎಚ್ಚರಿಕೆ ಕೊಟ್ಟಿದ್ದಾರೆ ಎಂದು. ತಾವೇ ಒಬ್ಬರನ್ನು ಕಳ್ಳರನ್ನಾಗಿ ಮಾಡಿ, ಜನ ಅದನ್ನು ನಂಬಿದ್ದಕ್ಕೆ ಆ ಮನುಷ್ಯನನ್ನೇ ಹೊಣೆ ಮಾಡುವ ಈ ಆಡಳಿತ ಕ್ರಮ ನಮ್ಮ ಶಾಲೆಗೆ ಇನ್ನೂ ಬಂದಿಲ್ಲ. ಮುಖ್ಯೋಪಾಧ್ಯಾಯರ ಕಿವಿಗೆ ಬೀಳದಿರಲಿ.

ಆ ಹೋರ್ಡಿಂಗ್ ಸರಿಪಡಿಸಿ ಎಂದು ಮಕ್ಕಳು ತಮಗೆ ಒಂದು ಮನವಿ ಬರೆದರು. ನಾನು ಕಾಗುಣಿತ ಮಾತ್ರ ತಿದ್ದಿದೆ. ತಾವು ಅದನ್ನು ಕಸದ ಬುಟ್ಟಿಗೆ ಹಾಕಲಿಲ್ಲ, ಅದು ತಮ್ಮ ದೊಡ್ಡತನ. ಟೈ ಕಟ್ಟಿದ ತಮ್ಮ ಪ್ರತಿನಿಧಿಯೊಬ್ಬರು ಶಾಲೆಗೇ ಬಂದು, ಮಕ್ಕಳ ಗಮನ ಹೊರಗಡೆ ಹರಿಯಬಾರದು ಎಂಬ ಕಾಳಜಿಯಿಂದ ಎಂಟನೆಯ ತರಗತಿಯ ಕಿಟಕಿಗಳಿಗೆ ದಪ್ಪ ಪರದೆಗಳನ್ನು ದಾನ ಮಾಡಿದರು. ಪರದೆಯ ತುಂಬ ತಮ್ಮ ಸಂಸ್ಥೆಯ ಹೆಸರು. ನಮ್ಮ ಮುಖ್ಯೋಪಾಧ್ಯಾಯರ ಕಣ್ಣು ತುಂಬಿ ಬಂತು. ಜೊತೆಗೆ, “ಎಲ್ಲ ಜನಾಂಗದವರನ್ನೂ ಗೌರವಿಸೋದು ನಮ್ಮ ಕಂಪನಿಯ ನೀತಿ, ಹೋರ್ಡಿಂಗ್ ಸರಿಪಡಿಸ್ತೀವಿ” ಎಂದು ಆ ಪ್ರತಿನಿಧಿಗಳು ಎಲ್ಲರೆದುರು ಮಾತು ಕೊಟ್ಟರು.

ಮಾತಿಗೆ ತಪ್ಪಲಿಲ್ಲ. ವಾರ ಕಳೆಯುವುದರೊಳಗೆ ಅದೇ ಗೋಡೆಯ ಮೇಲೆ ಹೊಸ ಹೋರ್ಡಿಂಗ್ ಬಂತು. ಅದೇ ಬಾಗಿಲು, ಅದೇ ಊರಿದ ಮೊಣಕಾಲು, ಅದರ ಕೆಳಗೆ ಅದೇ ಮಡಚಿದ ಬಟ್ಟೆ, ಅದೇ ಚೀಲ. ರಾತ್ರಿ ಹೋಗಿ ಹಗಲಾಗಿದೆ, ಬ್ಯಾಡ್ಜು ಜೇಬಿಗೆ ಮರಳಿದೆ, ಕೆಳಗೆ ‘ನಮ್ಮ ನಂಬಿಕೆಯ ಮನುಷ್ಯ, ನಿಮ್ಮ ಬಾಗಿಲಿಗೆ’ ಎಂದು ಬರೆದಿದೆ. ಕಳ್ಳರಾಗಿದ್ದವರು ಫಿಟ್ಟರ್ ಆದರಲ್ಲ ಎಂದು ಸಂತೋಷಪಡುತ್ತಾ ಕಣ್ಣು ಮೇಲೆತ್ತಿದರೆ, ಮೈ ಹಾಲಿನಲ್ಲಿ ತೊಳೆದಂತಾಗಿದೆ, ಗುಂಗುರು ಬಿಡಿಸಿ ಪಕ್ಕಕ್ಕೆ ಬೈತಲೆ ತೆಗೆದಿದೆ, ಮೂಗನ್ನು ಎರಡೂ ಕಡೆಯಿಂದ ಕೆತ್ತಿ ಸಣ್ಣದು ಮಾಡಿದೆ. ಮೊದಲ ಸಲ ಮುಖ ಬಿಟ್ಟು ಮಿಕ್ಕದ್ದನ್ನೆಲ್ಲ ಬದಲಿಸಿದಿರಿ, ಎರಡನೆಯ ಸಲ ಮುಖವನ್ನೇ ಬದಲಿಸಿದಿರಿ. ಅಂತೂ ಕಪ್ಪು ಮುಖ ಮತ್ತು ಒಳ್ಳೆಯ ಕೆಲಸ ಒಂದೇ ಗೋಡೆಯ ಮೇಲೆ ಒಟ್ಟಿಗೆ ಸಿಕ್ಕಿಬೀಳದಂತೆ ನೋಡಿಕೊಂಡಿರಿ. ನಮ್ಮ ಅತ್ತೆ ಮಾರ್ಕೆಟ್ಟಿಗೆ ಹೋಗುವಾಗ ಇದನ್ನು ಕಂಡು, ನನ್ನ ಕೈ ಜಗ್ಗಿ, “ನೋಡೇ ನೋಡೇ, ಅವತ್ತು ನೀರು ಕುಡಿದು ಹೋದನಲ್ಲ, ಅದೇ ಹುಡುಗ!” ಎಂದರು. ಪೊಲೀಸರಿಗೆ ತಿಳಿಸಬೇಕೋ ಬೇಡವೋ ಎಂದು ನಾನಿನ್ನೂ ಯೋಚಿಸುತ್ತಿದ್ದೇನೆ.

ಹೊಸ ಹೋರ್ಡಿಂಗ್ ಬಂದ ದಿನದ ಪಾಠಕ್ಕೆ ಮಕ್ಕಳು ಪರದೆ ಸರಿಸಿ, ಕಾಗದದ ಚೂರುಗಳನ್ನು ಹುಡುಕಿ ಹಿಡಿದು, ಕಿಟಕಿಗೆ ಓಡಿದರು. ಈ ಸಲ ಎರಡನೆಯ ಬೆಂಚಿನ ಹುಡುಗಿಯೂ ಎದ್ದು ಬಂದಳು. ಬಹಳ ಹೊತ್ತು ನೋಡಿದಳು. ಯಾರೋ ತಮ್ಮ ಕಾಗದವನ್ನು ಅವಳಿಗೆ ಕೊಡಲು ಹೋದರೆ, “ಬೇಡ, ಮುಖ ಅವರೇ ಮುಚ್ಚಿಬಿಟ್ಟಿದಾರೆ” ಎಂದಳು. ಸಿದ್ಧಮಾದರಿ ಎಂದರೇನು ಎಂದು ಕಪ್ಪುಹಲಗೆಯ ತುಂಬ ಬರೆಯಲು ಹೊರಟಿದ್ದ ನಾನು ಚಾಕ್‌ಪೀಸ್ ಕೆಳಗಿಟ್ಟೆ. ಅಳು ಬಂದಿತ್ತು, ಸಿಟ್ಟೂ ಬಂದಿತ್ತು. ಮಕ್ಕಳ ಎದುರು ಸಿಟ್ಟನ್ನೇ ಆರಿಸಿಕೊಂಡೆ. ಈ ಪತ್ರ ಅದರ ಫಲ.

ಆ ತಂದೆಯ ಪಾಡು ಈಗ ಹೀಗಿದೆ. ಮೊದಲು, ಬೋರ್ಡಿನ ಮೇಲಿರುವವನ ಹಾಗೇ ಇದ್ದೀಯ ಎಂದು ಜನ ಬಾಗಿಲು ತೆರೆಯುತ್ತಿರಲಿಲ್ಲ. ಈಗ, “ಬೋರ್ಡಿನ ಮೇಲಿರೋ ಕಂಪನಿಯವನೇ ಬೇರೆ, ನೀನೇ ಬೇರೆ, ಯಾರು ನೀನು?” ಎಂದು ತೆರೆಯುವುದಿಲ್ಲ. ಅವರ ಮುಖ ಅಂದಿನಿಂದ ಇಂದಿನವರೆಗೆ ಒಂದೇ ಇದೆ, ಅದೇ ಅವರು ಮಾಡಿದ ತಪ್ಪು. ಶಾಖೆಯವರು ಈ ತಿಂಗಳ ಕೊನೆಯವರೆಗೆ ಕಾದು ನೋಡುತ್ತಾರಂತೆ.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣಪುಟ್ಟ ಕೋರಿಕೆಗಳು. ಊರಿನ ಕಳ್ಳರೆಲ್ಲ ತಮ್ಮ ಮೊದಲ ಹೋರ್ಡಿಂಗಿಗೆ ಹೊಂದುವಂತೆ ಬಣ್ಣ, ಕೂದಲು, ಮೂಗು ಸರಿಪಡಿಸಿಕೊಂಡ ಮೇಲೆಯೇ ಕಸುಬಿಗೆ ಇಳಿಯಬೇಕು, ಬೆಳ್ಳಗಿರುವವರು ಅಲ್ಲಿಯವರೆಗೆ ದಯವಿಟ್ಟು ಮನೆಯಲ್ಲೇ ಇರಬೇಕು ಎಂದು ತಾವು ಒಂದು ಪ್ರಕಟಣೆ ಹೊರಡಿಸಿದರೆ ನಮ್ಮ ಅತ್ತೆಯಂಥವರಿಗೆ ಬಹಳ ಅನುಕೂಲ. ಅದು ಕಷ್ಟವಾದರೆ, ತಮ್ಮ ಕಂಪ್ಯೂಟರ್ ಕಲಾವಿದರನ್ನು ದಿನಾ ಬೆಳಿಗ್ಗೆ ಹಳಿಯಾಚೆಗೆ ಕಳಿಸಿ, ಆ ತಂದೆ ಕೆಲಸಕ್ಕೆ ಹೊರಡುವ ಮೊದಲು ಅವರ ಮೂಗನ್ನು ಸಣ್ಣದು ಮಾಡಿಸಿಕೊಡಿ. ಸಂಜೆ ಮರೆಯದೆ ಮೊದಲಿನಂತೆ ಮಾಡಿಸಿ, ಇಲ್ಲವಾದರೆ ಅವರ ಹೆಂಡತಿ ಬಾಗಿಲು ತೆರೆಯುವುದಿಲ್ಲ. ಮುಖ ನೋಡಿ ತೆರೆಯುವ, ಮುಖ ನೋಡಿ ಮುಚ್ಚುವ ಬೀಗವೊಂದನ್ನು ತಾವು ಕಂಡುಹಿಡಿಯುತ್ತಿದ್ದೀರಿ ಎಂದು ಎಲ್ಲೋ ಓದಿದೆ. ಆ ಶ್ರಮ ಬೇಡ, ಊರಿನವರನ್ನೇ ತಾವು ಆ ಕೆಲಸಕ್ಕೆ ತಯಾರು ಮಾಡಿಯಾಗಿದೆ.

ಇವಾವುವೂ ಆಗದಿದ್ದರೆ, ಕೊನೆಯದಾಗಿ, ಎಲ್ಲಕ್ಕಿಂತ ಅಸಾಧ್ಯವಾದ ಒಂದನ್ನು ಕೇಳಿಬಿಡುತ್ತೇನೆ: ಇಸ್ತ್ರಿ ಅಂಗಿ ಹಾಕಿಕೊಂಡು, ಹಗಲಿನಲ್ಲಿ, ಜೇಬಿನ ಮೇಲೆ ಬ್ಯಾಡ್ಜಿನೊಂದಿಗೆ ಅವರು ಕೂತಿದ್ದ ಆ ಮೊದಲ ಫೋಟೋ ತಮ್ಮ ಕಂಪ್ಯೂಟರಿನಲ್ಲಿ ಇದ್ದೇ ಇದೆ. ಅದನ್ನು ಏನೂ ಮಾಡದೆ, ಹಾಗೇ, ಅಷ್ಟೇ ದೊಡ್ಡದಾಗಿ, ಅದೇ ಗೋಡೆಯ ಮೇಲೆ ಹಾಕಿ. ಈ ತಿಂಗಳು ಮುಗಿಯುವುದರೊಳಗೆ ಹಾಕಿ.

ತಾವು ದಾನ ಮಾಡಿದ ಪರದೆಗಳನ್ನು ಕತ್ತರಿಸಿ ಕಪ್ಪುಹಲಗೆ ಒರೆಸಲು ಬಳಸುತ್ತಿದ್ದೇವೆ. ಬಟ್ಟೆ ಒಳ್ಳೆಯದಿದೆ.

ತಮ್ಮ ಬೀಗದ ಹಿಂದೆ ಕ್ಷೇಮವಾಗಿರುವ,
ತಮ್ಮ ವಿಶ್ವಾಸಿ,
ಎಂಟನೆಯ ತರಗತಿಯ ಸಮಾಜ ವಿಜ್ಞಾನದ ಅಧ್ಯಾಪಕಿ

ತಾ.ಕ.: ತಮ್ಮ ಸಂಸ್ಥೆಗೆ ಹೊಸ ನೌಕರಳೊಬ್ಬಳು ಸೇರಿರುವುದು ತಮ್ಮ ಗಮನಕ್ಕೆ ಬಂದಿರಲಾರದು. ಎರಡನೆಯ ಬೆಂಚಿನ ಹುಡುಗಿ ಈಚೆಗೆ ಮನೆಪಾಠ ಮಾಡಿ ತರುತ್ತಿಲ್ಲ. ಯಾಕೆಂದು ಕೇಳಿದ್ದಕ್ಕೆ, “ಸಾಯಂಕಾಲ ಅಪ್ಪನ ಜೊತೆ ಹೋಗ್ತೀನಿ ಟೀಚರ್. ಯೂನಿಫಾರ್ಮ್ ಹಾಕ್ಕೊಂಡು ನಾನು ಮುಂದೆ ನಿಂತು ಗಂಟೆ ಒತ್ತಿದ್ರೆ ಕೆಲವರು ಬಾಗಿಲು ತೆಗೀತಾರೆ” ಎಂದಳು. ಒಳಗಿನಿಂದ ಬರುವ ಚಪ್ಪಲಿಯ ಸದ್ದು ಕೇಳಿಯೇ ಯಾರು ತೆರೆಯುತ್ತಾರೆ, ಯಾರು ಕಿಂಡಿಯಲ್ಲಿ ನೋಡಿ ಹಾಗೇ ಹಿಂದಕ್ಕೆ ಹೋಗುತ್ತಾರೆ ಎಂದು ಅವಳಿಗೆ ಈಗ ತಿಳಿಯುತ್ತದಂತೆ. ಇದು ನಮ್ಮ ಪಠ್ಯದಲ್ಲಿ ಇಲ್ಲ, ನಾನು ಕಲಿಸಿದ್ದೂ ಅಲ್ಲ. ಕಲಿಸಿದವರು ತಾವು, ಅಂಕವನ್ನೂ ತಾವೇ ಕೊಡಿ.